ಊರಿಗೊಂದು ಅಳತೆ, ವಿಶ್ವಕ್ಕೊಂದು ನಿಯಮ

ಹುಟ್ಟಿದಾಗ ಹಿರಿಯರ ಮನ್ನಣೆ ದೊರೆಯದ ಎರಡು ಕಲ್ಪನೆಗಳು ಇಂದು ಭೌತವಿಜ್ಞಾನದ ಆಧಾರಸ್ತಂಭಗಳಾಗಿವೆ. ಮೂರನೆಯದೊಂದು ಇನ್ನೂ ತೀರ್ಪಿಗಾಗಿ ಕಾದು ನಿಂತಿದೆ.

ಮೆಟ್ರಿಕ್ ಪದ್ಧತಿ ಬರುವುದಕ್ಕೆ ಮೊದಲು ಕನ್ನಡ ನಾಡಿನಲ್ಲಿ ಊರಿಗೊಂದು ಕೊಳಗ, ಸಂತೆಗೊಂದು ಸೇರು ಇದ್ದುವು. ಒಂದು ಊರಿನ ಕಣದಲ್ಲಿ ಹತ್ತು ಕೊಳಗವಾದ ರಾಗಿ ಮತ್ತೊಂದು ಊರಿನಲ್ಲಿ ಒಂಬತ್ತೇ ಕೊಳಗವಾಗಬಹುದಾಗಿತ್ತು. ಹಾಗೆಂದು ವ್ಯಾಪಾರವೇನೂ ನಿಲ್ಲಲಿಲ್ಲ. ಯಾವ ಊರಿನ ಅಳತೆಗೆ ಯಾವ ಊರಿನದು ಎಷ್ಟು ಸಮ ಎಂಬ ಲೆಕ್ಕ ವ್ಯಾಪಾರಿಗೆ ಬಾಯಿಪಾಠವಾಗಿರುತ್ತಿತ್ತು. ಕೊಳಗ ಬದಲಾದರೂ ರಾಗಿಯ ರಾಶಿ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದುದು ಅದನ್ನು ಹೇಳುವ ಸಂಖ್ಯೆ ಮಾತ್ರ. 1958ರ ಅಕ್ಟೋಬರಿನಿಂದ ಹಂತಹಂತವಾಗಿ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಬಂದಿತು; ಕೊಳಗ ಅಟ್ಟ ಸೇರಿತು.

ಆದರೆ ನಿಸರ್ಗದಲ್ಲಿ ಇಂದಿಗೂ ಊರಿಗೊಂದು ಅಳತೆಯ ಪದ್ಧತಿಯೇ ನಡೆದುಬಂದಿದೆ. ವಿಶ್ವದ ಪ್ರತಿಯೊಂದು ಬಿಂದುವಿಗೂ ತನ್ನ ಅಳತೆಯನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಈ ಬಿಂದುವಿನ ಅಳತೆಯನ್ನು ಪಕ್ಕದ ಬಿಂದುವಿನ ಅಳತೆಗೆ ಹೊಂದಿಸಿ ಹೇಳುವ ಲೆಕ್ಕವೊಂದು ಇರಲೇಬೇಕಷ್ಟೆ? ಆ ಲೆಕ್ಕವೇ ಮಾನವನ ಅನುಭವಕ್ಕೆ ವಿದ್ಯುತ್ತಾಗಿ, ಕಾಂತತ್ವವಾಗಿ, ಬೆಳಕಾಗಿ, ಪರಮಾಣುವಿನ ಗರ್ಭವನ್ನು ಬಿಗಿದು ಹಿಡಿದಿರುವ ಬಲವಾಗಿ ಒದಗುತ್ತಿದೆ. ವಿಜ್ಞಾನಿಗಳು ಇದನ್ನು ಗೇಜ್ ಸಿದ್ಧಾಂತವೆನ್ನುತ್ತಾರೆ. ರೈಲ್ವೆಯವರು ಬ್ರಾಡ್ ಗೇಜ್, ಮೀಟರ್ ಗೇಜ್ ಎನ್ನುವಾಗ ಬಳಸುವ ಶಬ್ದವೇ ಇದು. ಗೇಜ್ ಎಂದರೆ ಅಳತೆ.

ಇಷ್ಟು ಸರಳವಾದ ಕಲ್ಪನೆ ಮನ್ನಣೆ ಪಡೆದ ದಾರಿ ಮಾತ್ರ ಸರಳವಾಗಿರಲಿಲ್ಲ. ಎರಡು ಸಲ ಅದು ಮುಂದೆ ಬಂದಿತು. ಎರಡು ಸಲವೂ ಆ ಕಾಲದ ಮಹಾಮೇಧಾವಿಗಳು ಒಂದೇ ಒಂದು ಪ್ರಶ್ನೆಯಿಂದ ಅದನ್ನು ತಡೆದು ನಿಲ್ಲಿಸಿದರು. ಪ್ರಶ್ನೆಗಳು ಎರಡು ಸಲವೂ ನ್ಯಾಯವಾದುವೇ. ಆದರೂ ಕೊನೆಗೆ ಗೆದ್ದುದು ಕಲ್ಪನೆ.

ವೈಲ್ ಕಂಡ ಕನಸು

1915ರಲ್ಲಿ ಐನ್‌ಸ್ಟೈನ್ ಗುರುತ್ವಾಕರ್ಷಣೆಗೆ ಹೊಸ ಅರ್ಥವನ್ನು ಕೊಟ್ಟರು. ದೇಶ ಮತ್ತು ಕಾಲ ಬೇರೆ ಬೇರೆಯಲ್ಲ, ಎರಡೂ ಸೇರಿ ದೇಶಕಾಲವೆಂಬ ಒಂದೇ ಹಾಸು. ಆ ಹಾಸಿನ ಬಾಗೇ ಗುರುತ್ವಾಕರ್ಷಣೆ ಎಂದು ಅವರು ತೋರಿಸಿದರು. ಬಾಗಿದ ಹಾಸಿನ ಮೇಲೆ ಒಂದು ಬಾಣವನ್ನು ಎಲ್ಲಿಯೂ ತಿರುಗಿಸದಂತೆ ಜೋಪಾನವಾಗಿ ಹೊತ್ತು ಒಂದು ಸುತ್ತು ಬಂದರೆ, ಹೊರಟ ಸ್ಥಳಕ್ಕೆ ಮರಳಿದಾಗ ಅದರ ದಿಕ್ಕು ಬದಲಾಗಿರುತ್ತದೆ.

ಜ್ಯೂರಿಕ್ ನಗರದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಹರ್ಮನ್ ವೈಲ್ ಅವರಿಗೆ ಆಗ ಮೂವತ್ತೆರಡು ವರ್ಷ. ದಿಕ್ಕು ಬದಲಾಗಬಹುದಾದರೆ ಉದ್ದವೇಕೆ ಬದಲಾಗಬಾರದು ಎಂದು ಅವರು ಕೇಳಿದರು. ಪ್ರತಿಯೊಂದು ಬಿಂದುವಿಗೂ ಅದರದೇ ಅಳತೆಗೋಲು ಇರಲಿ ಎಂದುಕೊಂಡು ಅವರು ಲೆಕ್ಕ ಹಾಕಿದರು. ಅಳತೆಗೋಲುಗಳನ್ನು ಪರಸ್ಪರ ಹೊಂದಿಸುವ ಸೂತ್ರ ತನಗೆ ತಾನೇ ವಿದ್ಯುತ್ತು-ಕಾಂತತ್ವಗಳ ಸೂತ್ರದ ರೂಪವನ್ನು ತಾಳಿತು! ಗುರುತ್ವವೂ ವಿದ್ಯುತ್ತೂ ಒಂದೇ ಮರದ ಎರಡು ಕೊಂಬೆಗಳೆಂದು ಸಾರುವ ಪ್ರಬಂಧವನ್ನು 1918ರಲ್ಲಿ ವೈಲ್ ಐನ್‌ಸ್ಟೈನರಿಗೆ ಕಳುಹಿಸಿದರು.

ಐನ್‌ಸ್ಟೈನ್ ಮೊದಲು ಮನಸಾರೆ ಮೆಚ್ಚಿದರು. ಆದರೆ ಕೆಲವೇ ದಿನಗಳಲ್ಲಿ ಅದರೊಳಗಿನ ಬಿರುಕನ್ನು ಕಂಡುಹಿಡಿದರು. ಒಂದೇ ಅಚ್ಚಿನ ಎರಡು ಕೊಳಗಗಳನ್ನು ಹಿಡಿದು ಇಬ್ಬರು ವ್ಯಾಪಾರಿಗಳು ಬೇರೆ ಬೇರೆ ದಾರಿಯಲ್ಲಿ ಊರೂರು ಸುತ್ತಿ ಒಂದೇ ಸಂತೆಗೆ ಬಂದು ಸೇರಿದರೆನ್ನಿ. ವೈಲ್ ಹೇಳಿದಂತೆ ನಡೆಯುವುದಾದರೆ ಒಬ್ಬನ ಕೊಳಗ ಇನ್ನೊಬ್ಬನದಕ್ಕಿಂತ ದೊಡ್ಡದಾಗಿರಬೇಕು. ಅಂದರೆ ವಸ್ತುವಿನ ಗಾತ್ರ ಅದು ನಡೆದುಬಂದ ದಾರಿಯನ್ನು ಅವಲಂಬಿಸಿರಬೇಕು. ಲೋಕದಲ್ಲಿ ಹಾಗಿಲ್ಲ. ಸೂರ್ಯನಲ್ಲಿರುವ ಜಲಜನಕದ ಪರಮಾಣುವಿನ ಚರಿತ್ರೆ ಬೇರೆ, ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿರುವ ಪರಮಾಣುವಿನ ಚರಿತ್ರೆ ಬೇರೆ. ಆದರೂ ಎರಡೂ ಸೂಸುವ ಬೆಳಕಿನ ಬಣ್ಣಗಳು ಒಂದೇ. ಪರಮಾಣುಗಳು ತಮ್ಮ ಪ್ರಯಾಣದ ನೆನಪನ್ನು ಗಾತ್ರದಲ್ಲಿ ಇಟ್ಟುಕೊಳ್ಳುವುದಿಲ್ಲ.

ವೈಲ್ ಅವರ ಪ್ರಬಂಧ ಐನ್‌ಸ್ಟೈನರ ಆಕ್ಷೇಪಣೆಯನ್ನು ಬಾಲದಂತೆ ಅಂಟಿಸಿಕೊಂಡೇ ಅಚ್ಚಾಯಿತು. ವೈಲ್ ಉತ್ತರ ಬರೆದರು. ಆದರೆ ವಿದ್ವತ್ ಸಭೆಗೆ ಅದು ಒಪ್ಪಿಗೆಯಾಗಲಿಲ್ಲ.

ಗಡಿಯಾರದ ಮುಳ್ಳು

ಹತ್ತು ವರ್ಷ ಕಳೆಯುವಷ್ಟರಲ್ಲಿ ಭೌತವಿಜ್ಞಾನದ ಅಡಿಪಾಯವೇ ಕದಲಿತು. 1926ರಲ್ಲಿ ಶ್ರೋಡಿಂಗರ್ ಇಲೆಕ್ಟ್ರಾನಿಗೆ ತರಂಗದ ಸಮೀಕರಣವನ್ನು ಬರೆದರು. ತರಂಗವೆಂದ ಮೇಲೆ ಏರು ಇಳಿತಗಳುಂಟು; ಯಾವ ಕ್ಷಣದಲ್ಲಿ ತರಂಗ ಯಾವ ಹಂತದಲ್ಲಿದೆ ಎಂಬುದನ್ನು ಒಂದು ಸಣ್ಣ ಗಡಿಯಾರದ ಮುಳ್ಳಿನಿಂದ ಸೂಚಿಸಬಹುದು. 1927ರಲ್ಲಿ ಫ್ರಿಟ್ಜ್ ಲಂಡನ್ ಎಂಬ ತರುಣ ವಿಜ್ಞಾನಿ ವೈಲ್ ಅವರ ಹಳೆಯ ಸೂತ್ರವನ್ನು ತೆಗೆದು ನೋಡಿ, ಬದಲಾಗುವುದು ಉದ್ದವಲ್ಲ, ಈ ಮುಳ್ಳಿನ ತಿರುವು ಎಂದು ತೋರಿಸಿದರು. 1929ರಲ್ಲಿ ವೈಲ್ ತಾವೇ ಆ ಕಲ್ಪನೆಯನ್ನು ಹೊಸ ರೂಪದಲ್ಲಿ ಮಂಡಿಸಿದರು.

ಮುಳ್ಳಿನ ಹನ್ನೆರಡು ಗಂಟೆಯನ್ನು ಎಲ್ಲಿ ಗುರುತು ಮಾಡಬೇಕೆಂಬುದು ಆಯಾ ಸ್ಥಳದ ಇಷ್ಟ. ಒಂದು ಸ್ಥಳದ ಗುರುತನ್ನು ಇನ್ನೊಂದರ ಗುರುತಿಗೆ ಹೊಂದಿಸುವ ಲೆಕ್ಕವೇ ವಿದ್ಯುತ್-ಕಾಂತ ಕ್ಷೇತ್ರ. ಪರಮಾಣುವಿನ ಗಾತ್ರ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಐನ್‌ಸ್ಟೈನರ ಆಕ್ಷೇಪಣೆಗೆ ಇಲ್ಲಿ ಅವಕಾಶವೇ ಇಲ್ಲ.

ಅಷ್ಟೇ ಅಲ್ಲ, ಆಕ್ಷೇಪಣೆಯೇ ತಿರುಗಿ ಸಾಕ್ಷಿಯಾಯಿತು. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಕೊಳಗಗಳು ಬೇರೆಯಾಗಲಾರವು, ನಿಜ. ಆದರೆ ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಇಲೆಕ್ಟ್ರಾನ್ ತರಂಗಗಳ ಮುಳ್ಳುಗಳು ಬೇರೆಯಾಗಬಲ್ಲವು. ಒಳಗೆ ಕಾಂತಕ್ಷೇತ್ರವನ್ನು ಬಂಧಿಸಿಟ್ಟಿರುವ ಒಂದು ಸುರುಳಿಯ ಎಡಬಲಗಳಲ್ಲಿ ಹಾದುಬಂದ ಇಲೆಕ್ಟ್ರಾನುಗಳು, ಕ್ಷೇತ್ರವನ್ನು ಮುಟ್ಟದೆ ಇದ್ದರೂ, ಮತ್ತೆ ಕೂಡಿದಾಗ ತಮ್ಮ ದಾರಿಯ ನೆನಪನ್ನು ಮುಳ್ಳಿನ ತಿರುವಿನಲ್ಲಿ ತೋರಿಸಬೇಕೆಂದು 1959ರಲ್ಲಿ ಅಹರೊನೋವ್ ಮತ್ತು ಬೋಮ್ ಹೇಳಿದರು. 1986ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಅವರ ಸಂಗಡಿಗರು ಸೂಕ್ಷ್ಮವಾದ ಪ್ರಯೋಗದಿಂದ ಅದನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿದರು.

ಪೌಲಿ ಕೇಳಿದ ಪ್ರಶ್ನೆ

ಗಡಿಯಾರದ ಮುಳ್ಳಿಗೆ ಒಂದು ಸಾಧು ಗುಣವುಂಟು. ಅದನ್ನು ಮೊದಲು ಎರಡು ಗಂಟೆಯಷ್ಟು, ಆಮೇಲೆ ಮೂರು ಗಂಟೆಯಷ್ಟು ತಿರುಗಿಸಿದರೂ, ಮೊದಲು ಮೂರು ಆಮೇಲೆ ಎರಡು ತಿರುಗಿಸಿದರೂ ಅದು ಬಂದು ನಿಲ್ಲುವುದು ಒಂದೇ ಜಾಗದಲ್ಲಿ. ಐದು ಮೂರಲ ಹದಿನೈದು, ಮೂರು ಐದಲ ಹದಿನೈದು ಎಂಬಂತೆ ಇಲ್ಲಿ ಕ್ರಮಕ್ಕೆ ಬೆಲೆಯಿಲ್ಲ. ಶಾಲೆಯ ಗಣಿತ ಇದನ್ನು ಪರಿವರ್ತನೀಯ ಗುಣವೆನ್ನುತ್ತದೆ.

ಎಲ್ಲ ತಿರುವುಗಳೂ ಹೀಗಲ್ಲ. ಓದುಗರು ಒಂದು ಪುಸ್ತಕವನ್ನು ಕೈಗೆತ್ತಿಕೊಂಡು ಪರೀಕ್ಷಿಸಬಹುದು. ಮುಖಪುಟ ತಮ್ಮ ಕಡೆಗಿರುವಂತೆ ಅದನ್ನು ನೆಟ್ಟಗೆ ಹಿಡಿಯಬೇಕು. ಮೊದಲು ಅದನ್ನು ಎದುರು ಗೋಡೆಯ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಬಳಿಕ ಮೇಲಿನ ಅಂಚು ಆಚೆ ಹೋಗುವಂತೆ ಕಾಲು ಸುತ್ತು ಹಿಂದಕ್ಕೆ ಕೆಡವಿದರೆ, ಪುಸ್ತಕ ಮುಖ ಮೇಲಾಗಿ ಮಲಗುತ್ತದೆ. ಅವೇ ಎರಡು ಕೆಲಸಗಳನ್ನು ಕ್ರಮ ಬದಲಾಯಿಸಿ ಮಾಡಿದರೆ, ಅಂದರೆ ಮೊದಲು ಕೆಡವಿ ಆಮೇಲೆ ಬಲಕ್ಕೆ ಹೊರಳಿಸಿದರೆ, ಅದೇ ಪುಸ್ತಕ ಮುಖ ಬಲಕ್ಕೆ ಮಾಡಿ ಅಂಚಿನ ಮೇಲೆ ನಿಲ್ಲುತ್ತದೆ. ಇಲ್ಲಿ ಕ್ರಮವೇ ಎಲ್ಲ. ಇದು ಅಪರಿವರ್ತನೀಯ ಗಣಿತ.

1953-54ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯ ಒಂದೇ ಕೊಠಡಿಯಲ್ಲಿ ಇಬ್ಬರು ತರುಣರು ಕುಳಿತು ಕೆಲಸ ಮಾಡುತ್ತಿದ್ದರು. ಒಬ್ಬರು ಚೀನಾದಿಂದ ಬಂದ ಯಾಂಗ್ ಚೆನ್ ನಿಂಗ್, ಮತ್ತೊಬ್ಬರು ರಾಬರ್ಟ್ ಮಿಲ್ಸ್. ಪ್ರೋಟಾನ್ ಮತ್ತು ನ್ಯೂಟ್ರಾನ್ ಎಂಬ ಎರಡು ಕಣಗಳು ಒಂದೇ ಕಣದ ಎರಡು ಮುಖಗಳಂತೆ ವರ್ತಿಸುವುದನ್ನು ವಿಜ್ಞಾನಿಗಳು ಆ ವೇಳೆಗೆ ಅರಿತಿದ್ದರು. ಈ ಮುಖವನ್ನು ಆ ಮುಖವಾಗಿ ತಿರುಗಿಸುವ ಕ್ರಿಯೆ ಮುಳ್ಳಿನ ತಿರುವಿನಂಥದಲ್ಲ, ಪುಸ್ತಕದ ತಿರುವಿನಂಥದು. ಆ ತಿರುವಿನ ಸ್ವಾತಂತ್ರ್ಯವನ್ನೂ ಪ್ರತಿಯೊಂದು ಬಿಂದುವಿಗೆ ಬಿಟ್ಟುಕೊಟ್ಟರೆ ಏನಾದೀತೆಂದು ಯಾಂಗ್ ಮತ್ತು ಮಿಲ್ಸ್ ಲೆಕ್ಕ ಹಾಕಿದರು. ಹೊಸ ಬಗೆಯ ಕ್ಷೇತ್ರವೊಂದು ಹೊರಟಿತು. ಬೆಳಕಿನ ಕಿರಣಕ್ಕೆ ಇಲ್ಲದ ಒಂದು ಗುಣ ಅದಕ್ಕಿತ್ತು. ಬೆಳಕು ವಿದ್ಯುದಂಶವನ್ನು ಹೊತ್ತಿಲ್ಲವಾದುದರಿಂದ ಎರಡು ದೀಪಗಳ ಕಿರಣಗಳು ಒಂದನ್ನೊಂದು ಅಡ್ಡ ಹಾಯ್ದು ಸದ್ದಿಲ್ಲದೆ ಹೋಗುತ್ತವೆ. ಯಾಂಗ್-ಮಿಲ್ಸ್ ಕ್ಷೇತ್ರವಾದರೋ ತನ್ನನ್ನು ತಾನೇ ಸೆಳೆಯುತ್ತದೆ, ತನ್ನೊಡನೆ ತಾನೇ ತೊಡಕಿಕೊಳ್ಳುತ್ತದೆ. ಕ್ರಮ ಮುಖ್ಯವಾಗುವ ಗಣಿತದ ನೇರ ಫಲ ಇದು.

1954ರ ಫೆಬ್ರವರಿಯಲ್ಲಿ ಪ್ರಿನ್ಸ್‌ಟನ್ ನಗರದ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಯಾಂಗ್ ಈ ವಿಚಾರವಾಗಿ ಉಪನ್ಯಾಸಕ್ಕೆ ನಿಂತರು. ಸಭೆಯಲ್ಲಿ ವುಲ್ಫ್‌ಗಾಂಗ್ ಪೌಲಿ ಇದ್ದರು. ನಯವಿಲ್ಲದ ನೇರ ಮಾತಿಗೆ ಅವರು ಜಗತ್ತಿಗೇ ಹೆಸರಾದವರು. ಯಾಂಗ್ ಮೊದಲ ಸೂತ್ರವನ್ನು ಹಲಗೆಯ ಮೇಲೆ ಬರೆಯುತ್ತಿದ್ದಂತೆಯೇ, ಈ ಕ್ಷೇತ್ರದ ಕಣಕ್ಕೆ ದ್ರವ್ಯರಾಶಿ ಎಷ್ಟು ಎಂದು ಪೌಲಿ ಕೇಳಿದರು. ತಿಳಿಯದೆಂದು ಯಾಂಗ್ ಉತ್ತರಿಸಿ ಮುಂದುವರಿದರು. ಪೌಲಿ ಮತ್ತೆ ಅದನ್ನೇ ಕೇಳಿದರು. ಸಮಸ್ಯೆ ಬಹಳ ಜಟಿಲವಾದುದು, ಇನ್ನೂ ನಿರ್ಣಯಕ್ಕೆ ಬಂದಿಲ್ಲ ಎಂದರು ಯಾಂಗ್. ಅದು ಸಾಕಾದ ನೆಪವಲ್ಲ ಎಂದು ಪೌಲಿ ಹೇಳಿಬಿಟ್ಟರು. ಯಾಂಗ್ ದಿಕ್ಕು ತೋಚದೆ ಕುಳಿತುಕೊಂಡರು. ಸಂಸ್ಥೆಯ ಮುಖ್ಯಸ್ಥರಾದ ಓಪನ್‌ಹೈಮರ್ ನಡುವೆ ಬಂದು ಉಪನ್ಯಾಸ ಸಾಗಲೆಂದು ಕೇಳಿಕೊಳ್ಳಬೇಕಾಯಿತು. ಯಾಂಗ್ ಅವರೇ ಮುಂದೆ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಉಪನ್ಯಾಸದ ಬಳಿಕ ಮಾತನಾಡಲು ಸಾಧ್ಯವಾಗದಂತಾದುದಕ್ಕೆ ವಿಷಾದಿಸಿ ಮರುದಿನ ಪೌಲಿ ಒಂದು ಚೀಟಿಯನ್ನು ಕಳುಹಿಸಿದರಂತೆ.

ಪೌಲಿಯ ಪ್ರಶ್ನೆ ಹಟದ ಪ್ರಶ್ನೆಯಾಗಿರಲಿಲ್ಲ. ಹಿಂದಿನ ವರ್ಷವೇ ಅವರು ಇಂಥದೇ ಲೆಕ್ಕವನ್ನು ಮಾಡಿ, ಇದೇ ಗೋಡೆಗೆ ತಲೆ ತಾಗಿಸಿಕೊಂಡು ಕೈಬಿಟ್ಟಿದ್ದರು. ಗೇಜ್ ಸಿದ್ಧಾಂತದ ಕಣಕ್ಕೆ ಬೆಳಕಿನ ಕಣದಂತೆಯೇ ದ್ರವ್ಯರಾಶಿ ಇರಬಾರದು. ದ್ರವ್ಯರಾಶಿ ಇಲ್ಲದ ಕಣ ಹೊತ್ತ ಬಲ ಬಹುದೂರ ಹರಡುತ್ತದೆ. ಆದರೆ ಪರಮಾಣು ಗರ್ಭದ ಬಲ ಗರ್ಭದಾಚೆಗೆ ಕಾಲಿಡುವುದಿಲ್ಲ. ಇದಕ್ಕೆ ಉತ್ತರವಿಲ್ಲದೆಯೇ ಯಾಂಗ್ ಮತ್ತು ಮಿಲ್ಸ್ 1954ರ ಅಕ್ಟೋಬರಿನಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರೊನಾಲ್ಡ್ ಶಾ ಕೂಡ ಸ್ವತಂತ್ರವಾಗಿ ಇದೇ ಸಿದ್ಧಾಂತವನ್ನು ಕಂಡುಕೊಂಡು ತನ್ನ ಪ್ರೌಢಪ್ರಬಂಧದಲ್ಲಿ ಬರೆದಿದ್ದರು.

ಇನ್ನೊಂದು ಸೋಜಿಗವುಂಟು. ನಾಜಿ ಆಡಳಿತ ಬಂದಾಗ 1933ರಲ್ಲಿ ಜರ್ಮನಿಯನ್ನು ಬಿಟ್ಟ ಹರ್ಮನ್ ವೈಲ್, ಯಾಂಗ್ ಇದ್ದ ಪ್ರಿನ್ಸ್‌ಟನ್ನಿನ ಅದೇ ಸಂಸ್ಥೆಯಲ್ಲಿದ್ದರು. ಇಬ್ಬರಿಗೂ ಪರಿಚಯವಿತ್ತು, ಗೇಜ್ ಸಿದ್ಧಾಂತದ ಬಗೆಗೆ ಮಾತ್ರ ಅವರು ಮಾತನಾಡಲೇ ಇಲ್ಲ. 1955ರಲ್ಲಿ ವೈಲ್ ತೀರಿಕೊಂಡರು. ಅವರ ಮನೆಯನ್ನು ಮುಂದೆ ಕೊಂಡು ವಾಸವಾದವರು ಯಾಂಗ್!

ಉತ್ತರ ದೊರೆತ ಬಗೆ

ಪೌಲಿಯ ಪ್ರಶ್ನೆಗೆ ಉತ್ತರ ಬಂದುದು ಎರಡು ದಾರಿಗಳಿಂದ. ಕಣಗಳಿಗೆ ದ್ರವ್ಯರಾಶಿ ಹುಟ್ಟಿನಿಂದ ಬರಬೇಕಾಗಿಲ್ಲ. ವಿಶ್ವವನ್ನೆಲ್ಲ ತುಂಬಿರುವ ಮತ್ತೊಂದು ಕ್ಷೇತ್ರದಿಂದ ಅದು ದೊರೆಯಬಹುದು ಎಂದು 1964ರಲ್ಲಿ ಹಿಗ್ಸ್, ಎಂಗ್ಲರ್ಟ್, ಬ್ರೌಟ್ ಮೊದಲಾದವರು ತೋರಿಸಿದರು. ವೈನ್‌ಬರ್ಗ್ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ ಇದನ್ನು ಕೆಲವು ಬಗೆಯ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲಕ್ಕೆ ಅನ್ವಯಿಸಿದರು. ಇಂಥ ಸಿದ್ಧಾಂತದಲ್ಲಿ ಲೆಕ್ಕ ಅನಂತಕ್ಕೆ ಓಡಿ ಕೆಡುವುದಿಲ್ಲವೆಂದು 1971ರಲ್ಲಿ ಹಾಲೆಂಡಿನ ತರುಣ ಹೂಫ್ಟ್ ಸಾಧಿಸಿದರು. 1973ರಲ್ಲಿ ಗರ್ಭದ ಪ್ರಬಲ ಬಲವೂ ಯಾಂಗ್-ಮಿಲ್ಸ್ ಜಾತಿಯದೇ ಎಂಬುದು ಗೊತ್ತಾಯಿತು. ಅಲ್ಲಿಯ ಕಣಕ್ಕೆ ದ್ರವ್ಯರಾಶಿ ನಿಜವಾಗಿಯೂ ಇಲ್ಲ. ಆದರೆ ತನ್ನೊಡನೆ ತಾನೇ ತೊಡಕಿಕೊಳ್ಳುವ ಗುಣದಿಂದ ಅದು ಪ್ರೋಟಾನಿನ ಸೆರೆಯಿಂದ ಹೊರಬರಲಾರದು.

1983ರಲ್ಲಿ ಜಿನೀವಾ ಬಳಿಯ ಸೆರ್ನ್ ಪ್ರಯೋಗಶಾಲೆಯಲ್ಲಿ ದುರ್ಬಲ ಬಲದ ವಾಹಕಗಳಾದ ಡಬ್ಲ್ಯು ಮತ್ತು ಝಡ್ ಕಣಗಳು ಕಂಡುವು. ಅವು ಪ್ರೋಟಾನಿಗಿಂತ ಸುಮಾರು 86 ಮತ್ತು 97 ಪಟ್ಟು ಭಾರವಾದುವು. 2012ರ ಜುಲೈ 4ರಂದು ಅದೇ ಪ್ರಯೋಗಶಾಲೆ ಹಿಗ್ಸ್ ಕಣವನ್ನು ಕಂಡುದಾಗಿ ಸಾರಿತು. ದ್ರವ್ಯರಾಶಿ ಎಷ್ಟು ಎಂಬ ಪ್ರಶ್ನೆಗೆ ಐವತ್ತೆಂಟು ವರ್ಷಗಳ ತರುವಾಯ ದೊರೆತ ಉತ್ತರ ಅದು. ಪೌಲಿ 1958ರಲ್ಲೇ ಕಣ್ಮುಚ್ಚಿದ್ದರು. ಯಾಂಗ್ ಎಲ್ಲವನ್ನೂ ಕಂಡು, 2025ರ ಅಕ್ಟೋಬರಿನಲ್ಲಿ ನೂರಮೂರು ವರ್ಷ ತುಂಬಿ ಬೀಜಿಂಗಿನಲ್ಲಿ ತೀರಿಕೊಂಡರು.

ಗಮನಿಸಬೇಕಾದ ಅಂಶವೆಂದರೆ, ವೈಲ್ ಗೆದ್ದುದು ತಾವು ಹುಡುಕಿದ್ದ ಉದ್ದದಲ್ಲಲ್ಲ. ಯಾಂಗ್-ಮಿಲ್ಸ್ ಗೆದ್ದುದು ತಾವು ಹೊರಟಿದ್ದ ಪ್ರೋಟಾನ್-ನ್ಯೂಟ್ರಾನುಗಳಲ್ಲಲ್ಲ. ಕಲ್ಪನೆ ಸರಿಯಾಗಿತ್ತು, ಅದು ಸಲ್ಲುವ ಜಾಗ ಬೇರೆಯಾಗಿತ್ತು.

ದೇಶಕ್ಕೂ ಕ್ರಮ ಬಂದಿತು

ಮೂರನೆಯ ಕಲ್ಪನೆ ಇವೆರಡಕ್ಕಿಂತಲೂ ಎದೆಗಾರಿಕೆಯದು. ಅದರ ಮೂಲ 1925ರ ಬೇಸಿಗೆಯಲ್ಲಿದೆ. ಹೂಗಳ ಪರಾಗದಿಂದ ಬರುವ ಶೀತಬಾಧೆಯನ್ನು ತಾಳಲಾರದೆ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋಗಿದ್ದ ಇಪ್ಪತ್ತಮೂರು ವರ್ಷದ ಹೈಸನ್‌ಬರ್ಗ್, ಪರಮಾಣುವಿನ ಹೊಸ ಗಣಿತವನ್ನು ಅಲ್ಲಿ ಕಂಡುಕೊಂಡರು. ಅದರಲ್ಲಿ ಸ್ಥಾನವನ್ನು ವೇಗದ ಪರಿಮಾಣದಿಂದ ಗುಣಿಸಿದರೆ ಬರುವ ಫಲವೂ, ಕ್ರಮ ಬದಲಾಯಿಸಿ ಗುಣಿಸಿದರೆ ಬರುವ ಫಲವೂ ಬೇರೆಯಾಗಿದ್ದುವು. ಇದೇನು ವಿಪರೀತವೆಂದು ಅವರು ಅಳುಕುತ್ತಿದ್ದಾಗ, ಗುರುಗಳಾದ ಮ್ಯಾಕ್ಸ್ ಬಾರ್ನ್ ಇದು ಗಣಿತಜ್ಞರು ಬಲ್ಲ ಮಾತೃಕೆಗಳ ಗುಣಾಕಾರವೆಂದು ಗುರುತಿಸಿದರು. ಎರಡು ಫಲಗಳ ವ್ಯತ್ಯಾಸವನ್ನು ಹೇಳುವ ಆ ಸೂತ್ರವನ್ನು ಗಾಟಿಂಗನ್ನಿನಲ್ಲಿರುವ ಬಾರ್ನರ ಸಮಾಧಿಯ ಕಲ್ಲಿನ ಮೇಲೆ ಕೆತ್ತಲಾಗಿದೆ. ನಾಜಿಗಳ ಕಾರಣದಿಂದ ಹುದ್ದೆ ಕಳೆದುಕೊಂಡ ಬಾರ್ನ್, ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಕೆಲವು ತಿಂಗಳು ಇದ್ದರು. ಅವರನ್ನು ಅಲ್ಲಿಯೇ ನೆಲೆಗೊಳಿಸಬೇಕೆಂಬ ರಾಮನ್ನರ ಆಸೆ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು.

ಸ್ಥಾನಕ್ಕೂ ವೇಗಕ್ಕೂ ಕ್ರಮವಿದೆ, ಸರಿ. ಸ್ಥಾನ ಸ್ಥಾನಗಳಿಗೇ ಕ್ರಮವಿದ್ದರೆ? ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಅಳೆಯುವಾಗ ಯಾವುದನ್ನು ಮೊದಲು ಅಳೆದೆವೆಂಬುದೇ ಮುಖ್ಯವಾದರೆ? ಆಗ ಒಂದು ಕಣ ನಿಖರವಾಗಿ ಇಲ್ಲಿಯೇ ಇದೆ ಎಂದು ಹೇಳುವುದೇ ಅಸಾಧ್ಯವಾಗುತ್ತದೆ. ಬಿಂದು ಎಂಬುದೇ ಇಲ್ಲವಾಗಿ, ದೇಶಕಾಲದ ಹಾಸು ಒಂದು ಮಿತಿಗಿಂತ ಸೂಕ್ಷ್ಮವಾಗಿ ನೋಡಿದರೆ ಮಸುಕಾಗುತ್ತದೆ.

ಈ ವಿಚಾರ ಕಾಗದದಿಂದ ಕಾಗದಕ್ಕೆ ಹರಿದುಬಂದಿತು. 1930ರಲ್ಲಿ ಹೈಸನ್‌ಬರ್ಗ್ ಇದನ್ನು ಪೈರ್ಲ್ಸ್ ಅವರಿಗೆ ಬರೆದರು. ಪೈರ್ಲ್ಸ್ ಪೌಲಿಗೆ ತಿಳಿಸಿದರು. ಪೌಲಿ ಓಪನ್‌ಹೈಮರರಿಗೆ ಹೇಳಿದರು. ಓಪನ್‌ಹೈಮರ್ ತಮ್ಮ ಶಿಷ್ಯ ಹಾರ್ಟ್‌ಲೆಂಡ್ ಸ್ನೈಡರ್ ಅವರ ಕಿವಿಗೆ ಹಾಕಿದರು. 1947ರಲ್ಲಿ ಸ್ನೈಡರ್, ಐನ್‌ಸ್ಟೈನರ ಸಾಪೇಕ್ಷತೆಗೆ ಕುಂದು ಬಾರದಂತೆ ಇಂಥ ದೇಶಕಾಲವನ್ನು ಕಟ್ಟಬಹುದೆಂದು ಸೂತ್ರಸಹಿತ ತೋರಿಸಿದರು. ಅದೇ ವರ್ಷ ಅದನ್ನು ಮುಂದುವರಿಸಿ ಒಂದು ಚಿಕ್ಕ ಟಿಪ್ಪಣಿಯನ್ನು ಬರೆದ ತರುಣ, ಷಿಕಾಗೊ ನಗರದಲ್ಲಿ ವಿದ್ಯಾರ್ಥಿಯಾಗಿದ್ದ ಯಾಂಗ್!

ಸ್ನೈಡರ್ ಇದನ್ನು ಕಟ್ಟಿದ್ದು ವಿನೋದಕ್ಕಲ್ಲ. ಇಲೆಕ್ಟ್ರಾನಿನ ಶಕ್ತಿಯನ್ನು ಲೆಕ್ಕ ಹಾಕಿದರೆ ಆಗ ಉತ್ತರ ಅನಂತವೆಂದು ಬರುತ್ತಿತ್ತು. ಬಿಂದುವೇ ಇಲ್ಲವಾದರೆ ಅನಂತವೂ ಇಲ್ಲವಾದೀತೆಂಬುದು ಆಸೆ. ಆದರೆ ಅದೇ ವೇಳೆಗೆ ಶ್ವಿಂಗರ್, ಫೈನ್‌ಮನ್, ತೊಮೊನಾಗ ಇವರು ಅನಂತಗಳನ್ನು ಪಳಗಿಸುವ ಬೇರೊಂದು ಉಪಾಯವನ್ನು ಕಂಡುಹಿಡಿದರು. ಅದು ಪ್ರಯೋಗದೊಡನೆ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಕೊಂಡಿತು. ಸ್ನೈಡರರ ಪ್ರಬಂಧವನ್ನು ಕೇಳುವವರಿಲ್ಲವಾಯಿತು. ಅವರು ಬ್ರೂಕ್‌ಹೇವನ್ನಿಗೆ ಹೋಗಿ ಕಣವೇಗವರ್ಧಕ ಯಂತ್ರಗಳ ಕೆಲಸಕ್ಕೆ ತೊಡಗಿದರು. ಕಣಗಳ ಧಾರೆಯನ್ನು ಬಿಗಿಯಾಗಿ ಹಿಡಿದಿಡುವ ವಿಧಾನವೊಂದನ್ನು 1952ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದರು. ಸೆರ್ನಿನ ದೊಡ್ಡ ಯಂತ್ರಗಳೆಲ್ಲ ನಿಂತಿರುವುದು ಆ ತತ್ತ್ವದ ಮೇಲೆಯೇ. ಗೇಜ್ ಸಿದ್ಧಾಂತವನ್ನು ಗೆಲ್ಲಿಸಿದ ಯಂತ್ರಗಳಿಗೆ ಹೀಗೆ ಸ್ನೈಡರರ ಕೈ ತಾಗಿದೆ. ತಮ್ಮ ದೇಶಕಾಲದ ಕಲ್ಪನೆ ಮರಳಿ ಬರುವುದನ್ನು ಕಾಣದೆಯೇ 1962ರಲ್ಲಿ ಅವರು ತೀರಿಕೊಂಡರು.

ಮರಳಿ ಬಂದ ಅತಿಥಿ

ಕಲ್ಪನೆ ಮರಳಿ ಬಂದುದಕ್ಕೆ ಮುಖ್ಯ ಕಾರಣ ಗುರುತ್ವ. ಅತಿ ಸೂಕ್ಷ್ಮವಾದ ಸ್ಥಳವನ್ನು ನೋಡಬೇಕಾದರೆ ಅತಿ ಹೆಚ್ಚು ಶಕ್ತಿಯ ಬೆಳಕು ಬೇಕು. ಆ ಶಕ್ತಿಯನ್ನು ಅಷ್ಟು ಚಿಕ್ಕ ಜಾಗದಲ್ಲಿ ತುರುಕಿದರೆ ಅಲ್ಲೊಂದು ಕಪ್ಪುಕುಳಿಯೇ ಹುಟ್ಟಿ, ನೋಡಬೇಕಾದುದನ್ನೇ ನುಂಗಿಬಿಡುತ್ತದೆ. ಗುರುತ್ವ ಅಳತೆಗೆ ಕೊನೆಯ ಮಿತಿಯನ್ನು ಹಾಕುತ್ತದೆಂದು 1936ರಲ್ಲೇ ಸೋವಿಯತ್ ದೇಶದ ಮಟ್ವೇಯ್ ಬ್ರಾನ್‌ಸ್ಟೈನ್ ವಾದಿಸಿದ್ದರು. ಎರಡು ವರ್ಷಗಳಲ್ಲಿ, ಸ್ಟಾಲಿನ್ ಕಾಲದ ದಮನದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರಿಗೆ ಮೂವತ್ತೊಂದು ವರ್ಷ. 1995ರಲ್ಲಿ ಡೊಪ್ಲಿಕರ್, ಫ್ರೆಡನ್‌ಹಾಗನ್ ಮತ್ತು ರಾಬರ್ಟ್ಸ್ ಇಂಥದೇ ವಾದದಿಂದ ಹೊರಟು, ಸ್ಥಾನಗಳೂ ಕಾಲವೂ ಅಪರಿವರ್ತನೀಯವಾಗಿರಬೇಕೆಂದು ಸೂತ್ರ ಬರೆದರು.

ಆ ಮಿತಿ ಎಷ್ಟು ಚಿಕ್ಕದು? ಒಂದು ಪ್ರೋಟಾನನ್ನು ಬೆಂಗಳೂರಿನಿಂದ ಮೈಸೂರಿನವರೆಗೆ ಹರಡುವಷ್ಟು ಹಿಗ್ಗಿಸಿದರೆಂದುಕೊಳ್ಳಿ. ಅದೇ ಪ್ರಮಾಣದಲ್ಲಿ ಹಿಗ್ಗಿದ ಈ ಮಿತಿ, ಹಿಗ್ಗುವ ಮೊದಲಿದ್ದ ಪ್ರೋಟಾನಿನಷ್ಟೇ ಇರುತ್ತದೆ. ಇದಕ್ಕೆ ಪ್ಲಾಂಕ್ ಉದ್ದವೆಂದು ಹೆಸರು.

ಇದು ಬರಿಯ ಕಾಗದದ ಕುದುರೆಯೆಂದು ತಿಳಿಯಬೇಕಾಗಿಲ್ಲ. ಪ್ರಬಲವಾದ ಕಾಂತಕ್ಷೇತ್ರದಲ್ಲಿ ತೆಳುವಾದ ಪದರದೊಳಗೆ ಚಲಿಸುವ ಇಲೆಕ್ಟ್ರಾನ್ ಇಂಥ ದೇಶದಲ್ಲಿಯೇ ಬಾಳುತ್ತದೆ. ಅದರ ಸುತ್ತಾಟದ ಕೇಂದ್ರ ಪೂರ್ವಕ್ಕೆ ಎಷ್ಟಿದೆ, ಉತ್ತರಕ್ಕೆ ಎಷ್ಟಿದೆ ಎಂಬ ಎರಡನ್ನೂ ಒಟ್ಟಿಗೆ ನಿಖರವಾಗಿ ಹೇಳಲಾಗದು. ಹತ್ತು ಟೆಸ್ಲಾ ಕ್ಷೇತ್ರದಲ್ಲಿ ಆ ಮಸುಕು ಒಂದು ಮೀಟರಿನ ನೂರು ಕೋಟಿಯ ಎಂಟು ಪಾಲಿನಷ್ಟು ಅಗಲವಾಗಿದೆ. 1980ರಲ್ಲಿ ಫಾನ್ ಕ್ಲಿಟ್ಸಿಂಗ್ ಕಂಡುಹಿಡಿದ ಕ್ವಾಂಟಮ್ ಹಾಲ್ ಪರಿಣಾಮ ತಲೆದೋರುವುದು ಇಂಥ ಪದರದಲ್ಲಿಯೇ.

ಬಿಂದುವಿಲ್ಲದ ದೇಶಕ್ಕೆ ರೇಖಾಗಣಿತವನ್ನು ಕಟ್ಟಿಕೊಟ್ಟವರು ಫ್ರಾನ್ಸಿನ ಆಲೆನ್ ಕಾನ್. 1999ರಲ್ಲಿ ಸೈಬರ್ಗ್ ಮತ್ತು ವಿಟನ್, ಎಳೆಗಳ ಸಿದ್ಧಾಂತದಿಂದಲೂ ಕೆಲವು ಸಂದರ್ಭಗಳಲ್ಲಿ ಅಪರಿವರ್ತನೀಯ ದೇಶದ ಗೇಜ್ ಸಿದ್ಧಾಂತವೇ ಹೊರಡುತ್ತದೆಂದು ವಿವರವಾಗಿ ತೋರಿಸಿದರು. ಎರಡು ನದಿಗಳು ಕೂಡಿದುದು ಇಲ್ಲಿ. ಸಾಧಾರಣ ದೇಶದಲ್ಲಿ ಬೆಳಕು ತನ್ನನ್ನು ತಾನು ತಾಗದು. ಬಿಂದುಗಳಿಗೇ ಕ್ರಮ ಬಂದಾಗ, ಮುಳ್ಳಿನ ತಿರುವೂ ಪುಸ್ತಕದ ತಿರುವಿನಂತಾಗಿ, ಬೆಳಕು ಕೂಡ ಯಾಂಗ್-ಮಿಲ್ಸ್ ಕ್ಷೇತ್ರದಂತೆ ತನ್ನೊಡನೆ ತಾನೇ ತೊಡಕಿಕೊಳ್ಳತೊಡಗುತ್ತದೆ. ಅಳತೆಯನ್ನು ಬದಲಾಯಿಸುವುದಕ್ಕೂ ಸ್ಥಳವನ್ನು ಬದಲಾಯಿಸುವುದಕ್ಕೂ ಇರುವ ಭೇದವೇ ಅಲ್ಲಿ ಅಳಿಸುತ್ತ ಬರುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಈ ಕಲ್ಪನೆಯೂ ಗೆದ್ದಂತೆಯೇ? ಇಲ್ಲ. ಇದರ ಎದುರಿಗೂ ಪ್ರಶ್ನೆಗಳು ನಿಂತಿವೆ.

ಅನಂತಗಳನ್ನು ಓಡಿಸಬೇಕೆಂಬುದು ಸ್ನೈಡರರ ಆಸೆಯಾಗಿತ್ತು. ಭಾರತದ ಶಿರಾಜ್ ಮಿನ್‌ವಾಲಾ ಮತ್ತು ಅವರ ಸಂಗಡಿಗರು 1999ರಲ್ಲಿ ಲೆಕ್ಕ ಮಾಡಿ ನೋಡಿದಾಗ, ಸೂಕ್ಷ್ಮದಲ್ಲಿ ಹತ್ತಿಕ್ಕಿದ ಅನಂತಗಳಲ್ಲಿ ಕೆಲವು ಹಿತ್ತಿಲ ಬಾಗಿಲಿನಿಂದ ದೂರದ ಅಳತೆಗಳಲ್ಲಿ ಮರಳಿ ಬರುವುದು ಕಂಡಿತು. ಆಲೆನ್ ಕಾನ್ ಮತ್ತು ಸಂಗಡಿಗರ ಗಣಿತ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಸುಮಾರು 170 ಗಿಗಾ ಇಲೆಕ್ಟ್ರಾನ್ ವೋಲ್ಟ್ ಎಂದು ಮುನ್ನುಡಿದಿತ್ತು. 2012ರಲ್ಲಿ ಕಂಡ ಕಣ ತೂಗಿದುದು 125. ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಒಂದು ಕ್ಷೇತ್ರವನ್ನು ಸೇರಿಸಿಕೊಂಡು ಅವರು ಅದನ್ನು ತಿದ್ದಿಕೊಂಡರು. ಆದರೆ ಉತ್ತರ ತಿಳಿದ ಮೇಲೆ ತಿದ್ದಿದ ಲೆಕ್ಕಕ್ಕೆ ಮೊದಲಿನ ಬೆಲೆ ಇರುವುದು ಕಷ್ಟ.

ದೇಶಕಾಲದ ಹಾಸು ಒರಟಾಗಿದ್ದರೆ ಹೆಚ್ಚು ಶಕ್ತಿಯ ಬೆಳಕೂ ಕಡಿಮೆ ಶಕ್ತಿಯ ಬೆಳಕೂ ಒಂದೇ ವೇಗದಲ್ಲಿ ಓಡಲಾರವೆಂದು ಇಂಥ ಕೆಲವು ಸಿದ್ಧಾಂತಗಳು ಹೇಳುತ್ತವೆ. 2009ರ ಮೇ 10ರಂದು ಫರ್ಮಿ ಎಂಬ ಉಪಗ್ರಹದೂರದರ್ಶಕ, 730 ಕೋಟಿ ಜ್ಯೋತಿರ್ವರ್ಷಗಳಾಚೆಯ ಸ್ಫೋಟವೊಂದರ ಗಾಮಾ ಕಿರಣಗಳನ್ನು ಹಿಡಿಯಿತು. ಅವುಗಳಲ್ಲಿ ಅತ್ಯಂತ ಶಕ್ತಿಯುತವಾದ ಕಣ ಅಷ್ಟು ದೂರ ಓಡಿಬಂದೂ ಉಳಿದವುಗಳಿಗಿಂತ ಒಂದು ಸೆಕೆಂಡು ಕೂಡ ಹಿಂದೆ ಬೀಳಲಿಲ್ಲ. ವೇಗಭೇದವನ್ನು ನೇರವಾಗಿ ಸಾರುತ್ತಿದ್ದ ಸಿದ್ಧಾಂತಗಳಿಗೆ ಅದು ದೊಡ್ಡ ಪೆಟ್ಟು. ಸಾಪೇಕ್ಷತೆಯನ್ನು ಕಾಪಾಡಿಕೊಂಡ ಸ್ನೈಡರರ ಮೂಲ ಸೂತ್ರಕ್ಕೆ ಈ ಪರೀಕ್ಷೆ ತಾಗುವುದಿಲ್ಲ. ಅದನ್ನು ತಾಗುವ ಪರೀಕ್ಷೆ ಇನ್ನೂ ನಡೆದಿಲ್ಲ.

ವೈಲ್ ಅವರ ಕಲ್ಪನೆ ಹನ್ನೊಂದು ವರ್ಷ ಕಾಯಿತು. ಯಾಂಗ್-ಮಿಲ್ಸ್ ಕ್ಷೇತ್ರ ಸುಮಾರು ಇಪ್ಪತ್ತು ವರ್ಷ ಕಾಯಿತು. ಸ್ನೈಡರರ ದೇಶಕಾಲ ಮುಕ್ಕಾಲು ಶತಮಾನವನ್ನು ದಾಟಿಯೂ ಕಾಯುತ್ತಲೇ ಇದೆ. ಕಾದುದೆಲ್ಲವೂ ನಿಜವಾಗಬೇಕೆಂಬ ನಿಯಮವೇನೂ ಇಲ್ಲ. ಸುಂದರವಾಗಿದ್ದೂ ಸುಳ್ಳಾದ ಸಿದ್ಧಾಂತಗಳು ಭೌತವಿಜ್ಞಾನದ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಆದರೆ ಐನ್‌ಸ್ಟೈನ್ ಮತ್ತು ಪೌಲಿ ಕೇಳಿದ ಪ್ರಶ್ನೆಗಳು ಕಲ್ಪನೆಗಳನ್ನು ಕೊಲ್ಲಲಿಲ್ಲ, ಅವು ಸಲ್ಲುವ ಜಾಗಕ್ಕೆ ಅವುಗಳನ್ನು ದಾರಿ ಹಚ್ಚಿದುವು. ಅಂಥದೊಂದು ಪ್ರಶ್ನೆಯನ್ನು ಸ್ನೈಡರರ ದೇಶಕಾಲದ ಮುಂದಿಡಬಲ್ಲ ಪ್ರಯೋಗ ಯಾವುದೆಂದು ವಿಜ್ಞಾನಿಗಳು ಇಂದು ಹುಡುಕುತ್ತಿದ್ದಾರೆ.